ಡಿಸ್‌ಪ್ರಾಕ್ಸಿಯಾ

ಡಿಸ್‌ಪ್ರಾಕ್ಸಿಯಾ ಎಂಬುದು ದೇಹದ ಚಲನೆಗಳನ್ನು ಮನಸ್ಸಿನಲ್ಲಿ ಯೋಜಿಸುವ, ಅವುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಮತ್ತು ನಿರ್ವಹಿಸುವ ಸಾಮರ್ಥ್ಯವು ವಯಸ್ಸಿಗೆ ತಕ್ಕಂತೆ ಬೆಳೆಯದಿರುವ ಒಂದು ನರಬೆಳವಣಿಗೆಯ ಸ್ಥಿತಿ. ವೈದ್ಯಕೀಯ ಗ್ರಂಥಗಳಲ್ಲಿ ಇದನ್ನು ಹೆಚ್ಚಾಗಿ ಬೆಳವಣಿಗೆಯ ಚಲನ ಸಮನ್ವಯ ನ್ಯೂನತೆ ಎಂದು ಕರೆಯಲಾಗುತ್ತದೆ. ಈ ಸ್ಥಿತಿಯುಳ್ಳವರ ಸ್ನಾಯುಗಳಲ್ಲಿ ಬಲಹೀನತೆಯಾಗಲಿ ಪಾರ್ಶ್ವವಾಯುವಾಗಲಿ ಇರುವುದಿಲ್ಲ. ಬುದ್ಧಿಶಕ್ತಿಯೂ ಸಾಮಾನ್ಯವಾಗಿ ಇತರರಂತೆಯೇ ಇರುತ್ತದೆ. ಆದರೆ ಅಂಗಿಯ ಗುಂಡಿ ಹಾಕುವುದು, ಅಕ್ಷರ ಬರೆಯುವುದು, ಚೆಂಡು ಹಿಡಿಯುವುದು, ಸೈಕಲ್ ತುಳಿಯುವುದು ಮುಂತಾದ ಕೆಲಸಗಳನ್ನು ಕಲಿಯಲು ಇವರಿಗೆ ಬಹಳ ಹೆಚ್ಚಿನ ಕಾಲವೂ ಶ್ರಮವೂ ಬೇಕಾಗುತ್ತದೆ.

ಐದರಿಂದ ಹನ್ನೊಂದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಈ ಸ್ಥಿತಿ ಇರುತ್ತದೆಂದು ಅಂದಾಜಿಸಲಾಗಿದೆ. ಅಂದರೆ ಮೂವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಸರಾಸರಿ ಒಂದು ಅಥವಾ ಎರಡು ಮಕ್ಕಳು. ಗುರುತಿಸುವ ಮಾನದಂಡವನ್ನು ಬಿಗಿಗೊಳಿಸಿದಂತೆ ಈ ಪ್ರಮಾಣ ಇಳಿಯುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2009ರಲ್ಲಿ ಏಳು ವರ್ಷದ ಮಕ್ಕಳಲ್ಲಿ ಶೇಕಡಾ 1.8ರ ಪ್ರಮಾಣವನ್ನು ವರದಿ ಮಾಡಿತು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚಾಗಿ ದಾಖಲಾಗುತ್ತದೆ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಡಿಸ್‌ಪ್ರಾಕ್ಸಿಯಾವನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಹೆಸರಿಸಿದೆ.

ಹೆಸರು

ಗ್ರೀಕ್ ಭಾಷೆಯಲ್ಲಿ 'ಡಿಸ್' ಎಂದರೆ ಕಷ್ಟ ಅಥವಾ ಕೆಟ್ಟ, 'ಪ್ರಾಕ್ಸಿಸ್' ಎಂದರೆ ಕ್ರಿಯೆ. ಮೆದುಳಿಗೆ ಪೆಟ್ಟು ಬಿದ್ದು ಅಥವಾ ಪಾರ್ಶ್ವವಾಯು ಬಡಿದು, ಮೊದಲಿದ್ದ ಕೌಶಲವನ್ನು ಕಳೆದುಕೊಂಡರೆ ಅದನ್ನು ಅಪ್ರಾಕ್ಸಿಯಾ ಎನ್ನುತ್ತಾರೆ. ಡಿಸ್‌ಪ್ರಾಕ್ಸಿಯಾದಲ್ಲಿ ಕಳೆದುಕೊಳ್ಳುವ ಪ್ರಶ್ನೆಯಿಲ್ಲ. ಕೌಶಲವು ಮೊದಲಿನಿಂದಲೇ ಸಹಜ ವೇಗದಲ್ಲಿ ಕೈಗೂಡಿರುವುದಿಲ್ಲ.

ಎರಡು ಹೆಸರುಗಳ ನಡುವೆ ಗೊಂದಲವಿದೆ. 1994ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ಸೇರಿದ ತಜ್ಞರು 'ಬೆಳವಣಿಗೆಯ ಚಲನ ಸಮನ್ವಯ ನ್ಯೂನತೆ' ಎಂಬ ಹೆಸರನ್ನೇ ಬಳಸಬೇಕೆಂದು ಒಪ್ಪಿದರು. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಲ್ಲಿ ಈ ಹೆಸರು 1987ರಿಂದ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇದರ ಸಂಕೇತ ಎಫ್82, ಹನ್ನೊಂದನೆಯ ಆವೃತ್ತಿಯಲ್ಲಿ 6ಎ04. ಆದರೂ ಪೋಷಕರು, ಶಿಕ್ಷಕರು ಮತ್ತು ಈ ಸ್ಥಿತಿಯೊಂದಿಗೆ ಬದುಕುತ್ತಿರುವ ವಯಸ್ಕರು 'ಡಿಸ್‌ಪ್ರಾಕ್ಸಿಯಾ' ಎಂಬುದನ್ನೇ ಉಳಿಸಿಕೊಂಡಿದ್ದಾರೆ. ಭಾರತದ ಕಾಯಿದೆಯೂ ಇದೇ ಪದವನ್ನು ಬಳಸಿರುವುದರಿಂದ, ಪ್ರಮಾಣಪತ್ರದ ಅರ್ಜಿಯಲ್ಲಿ ಈ ಪದ ಇರುವುದು ಉಪಯುಕ್ತ.

ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪಾರಿಭಾಷಿಕ ಪದವಿಲ್ಲ. ಇರುವುದು ಬೈಗುಳಗಳು: ಮೊದ್ದು, ಎಡಬಿಡಂಗಿ, ಮೈಗಳ್ಳ. ಒಂದು ಸ್ಥಿತಿಗೆ ಹೆಸರಿಲ್ಲದಿದ್ದಾಗ ಅದು ಮಗುವಿನ ಸ್ವಭಾವದ ದೋಷವೆಂದು ಎಣಿಸಲ್ಪಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮಾತಿಗೆ ಸಂಬಂಧಿಸಿದ ಡಿಸ್‌ಪ್ರಾಕ್ಸಿಯಾ ಬೇರೆಯೇ ಒಂದು ಸ್ಥಿತಿ. ಅದರಲ್ಲಿ ನಾಲಿಗೆ, ತುಟಿ ಮತ್ತು ದವಡೆಯ ಚಲನೆಗಳನ್ನು ಕ್ರಮವಾಗಿ ಜೋಡಿಸುವುದು ಕಷ್ಟವಾಗುತ್ತದೆ. ಮಗು ಹೇಳಬೇಕಾದುದನ್ನು ಬಲ್ಲದು, ಆದರೆ ಒಂದೇ ಪದ ಪ್ರತಿಸಲವೂ ಬೇರೆ ಬೇರೆಯಾಗಿ ಹೊರಬರುತ್ತದೆ. ಲಂಡನ್ನಿನ ಒಂದು ಕುಟುಂಬದ ಹಲವು ತಲೆಮಾರುಗಳಲ್ಲಿ ಕಂಡುಬಂದ ಇಂಥ ತೊಂದರೆಗೆ ಫಾಕ್ಸ್‌ಪಿ2 ಎಂಬ ವಂಶವಾಹಿಯ ಬದಲಾವಣೆ ಕಾರಣವೆಂದು 2001ರಲ್ಲಿ ಪತ್ತೆಯಾಯಿತು. ಈ ಲೇಖನವು ಮುಖ್ಯವಾಗಿ ಕೈಕಾಲುಗಳ ಚಲನೆಗೆ ಸಂಬಂಧಿಸಿದ ಡಿಸ್‌ಪ್ರಾಕ್ಸಿಯಾವನ್ನು ಕುರಿತದ್ದು.

ಇತಿಹಾಸ

ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವೈದ್ಯರು 'ಹುಟ್ಟಿನಿಂದ ಬಂದ ಮೊದ್ದುತನ' ಎಂಬ ಅರ್ಥದ ಮಾತುಗಳಲ್ಲಿ ಇದನ್ನು ವರ್ಣಿಸಿದ್ದರು. 1962ರಲ್ಲಿ ಬ್ರಿಟನ್ನಿನ ವಾಲ್ಟನ್, ಎಲ್ಲಿಸ್ ಮತ್ತು ಕೋರ್ಟ್ ಎಂಬ ವೈದ್ಯರು ಇಂಥ ಮಕ್ಕಳ ಬಗ್ಗೆ ಪ್ರಕಟಿಸಿದ ಪ್ರಬಂಧವೂ, 1975ರಲ್ಲಿ ಆಸ್ಟ್ರೇಲಿಯಾದ ನರವೈದ್ಯ ಗುಬ್ಬೆ ಬರೆದ ಪುಸ್ತಕವೂ ವಿಷಯವನ್ನು ವೈದ್ಯಕೀಯ ಚರ್ಚೆಗೆ ತಂದವು. ಅಮೆರಿಕದ ಔದ್ಯೋಗಿಕ ಚಿಕಿತ್ಸಕಿ ಜೀನ್ ಏರ್ಸ್ 1972ರಲ್ಲಿ ಇದನ್ನು ಇಂದ್ರಿಯಾನುಭವಗಳ ಹೊಂದಾಣಿಕೆಯ ತೊಂದರೆಯೆಂದು ವಿವರಿಸಿದರು. ಆ ವಿವರಣೆಯಿಂದ ಹುಟ್ಟಿದ ಚಿಕಿತ್ಸಾ ಪದ್ಧತಿ ಇಂದಿಗೂ ಭಾರತದ ನಗರಗಳಲ್ಲಿ ಜನಪ್ರಿಯವಾಗಿದೆ.

ಲಕ್ಷಣಗಳು

ಡಿಸ್‌ಪ್ರಾಕ್ಸಿಯಾ ಎಲ್ಲರಲ್ಲಿಯೂ ಒಂದೇ ರೂಪದಲ್ಲಿ ಕಾಣಿಸುವುದಿಲ್ಲ. ಒಂದು ಮಗುವಿಗೆ ಓಟ, ಜಿಗಿತ, ಸಮತೋಲನಗಳು ಕಷ್ಟವಾದರೆ ಇನ್ನೊಂದಕ್ಕೆ ಬೆರಳುಗಳ ಸೂಕ್ಷ್ಮ ಕೆಲಸ ಕಷ್ಟ, ಹಲವರಿಗೆ ಎರಡೂ. ಸಾಮಾನ್ಯವಾದ ಲಕ್ಷಣವೆಂದರೆ, ಇತರ ಮಕ್ಕಳು ನೋಡಿ ನಾಲ್ಕಾರು ಬಾರಿ ಮಾಡಿ ಕಲಿತುಬಿಡುವ ಕೆಲಸ ಇವರಿಗೆ ಪ್ರತಿದಿನವೂ ಹೊಸದಾಗಿಯೇ ತೋರುವುದು. ಕೈ ತಾನಾಗಿಯೇ ಮಾಡಬೇಕಾದುದಕ್ಕೆ ಮನಸ್ಸು ಕಾವಲು ಕೂರಬೇಕಾಗುತ್ತದೆ. ದಿನದ ಕೊನೆಗೆ ಈ ಮಕ್ಕಳು ಬೇಗ ದಣಿಯುವುದಕ್ಕೆ ಇದೂ ಒಂದು ಕಾರಣ.

ಅಂಗನವಾಡಿಯ ವಯಸ್ಸಿನಲ್ಲಿ ಮಗು ತಡವಾಗಿ ನಡೆದಿರಬಹುದು, ಪದೇ ಪದೇ ಎಡವಿ ಬೀಳಬಹುದು, ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿನಲ್ಲೂ ಎರಡೂ ಕಾಲುಗಳನ್ನು ಕೂಡಿಸಿ ನಿಲ್ಲಬಹುದು. ನೀರಿನ ಲೋಟ ತುಳುಕುತ್ತದೆ; ಚಡ್ಡಿ, ಅಂಗಿ ತಿರುವುಮುರುವಾಗುತ್ತವೆ. ಕುಂಟಾಬಿಲ್ಲೆ, ಲಗೋರಿ, ಚಿನ್ನಿದಾಂಡು, ಬುಗುರಿ ಮುಂತಾದ ಆಟಗಳು ಗುರಿ, ಸಮತೋಲನ ಮತ್ತು ಸಮಯಜ್ಞಾನವನ್ನು ಒಟ್ಟಿಗೆ ಬೇಡುವುದರಿಂದ ಅಲ್ಲಿ ಕೊರತೆ ಬೇಗ ಎದ್ದು ಕಾಣುತ್ತದೆ. ತಂಡ ಕಟ್ಟುವಾಗ ಕೊನೆಗೆ ಉಳಿಯುವ ಮಗು ಕ್ರಮೇಣ ಆಟದ ಬಯಲಿಗೇ ಬರುವುದನ್ನು ಬಿಡುತ್ತದೆ. ಆಟ ತಪ್ಪಿದ್ದರಿಂದ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದ್ದರಿಂದ ಅಂತರ ಇನ್ನಷ್ಟು ಹಿಗ್ಗುತ್ತದೆ. ಮುಂದೆ ಇಂಥ ಮಕ್ಕಳಲ್ಲಿ ದೇಹದಾರ್ಢ್ಯದ ಕೊರತೆ ಮತ್ತು ತೂಕ ಹೆಚ್ಚಳ ಹೆಚ್ಚಾಗಿ ಕಾಣಿಸುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ.

ಮನೆಯಲ್ಲಿ ಕಾಣುವ ತೊಂದರೆ ಆಯಾ ಪ್ರದೇಶದ ಜೀವನಕ್ರಮವನ್ನು ಅವಲಂಬಿಸಿದೆ. ಪಾಶ್ಚಾತ್ಯ ಪ್ರಶ್ನಾವಳಿಗಳು ಚಾಕು ಮತ್ತು ಮುಳ್ಳುಚಮಚದ ಬಳಕೆಯನ್ನು ಕೇಳುತ್ತವೆ. ಕೈಯಿಂದ ಉಣ್ಣುವ ಮನೆಯಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಬದಲಾಗಿ ಒಂದೇ ಕೈಯಿಂದ ರೊಟ್ಟಿ ಮುರಿದು ಪಲ್ಯ ಹಿಡಿಯುವುದು, ಪಾಯಿಜಾಮದ ಲಾಡಿಯ ಗಂಟು ಹಾಕುವುದು, ತಲೆಯ ಹಿಂದೆ ಕಣ್ಣಿಗೆ ಕಾಣದಂತೆ ಜಡೆ ಹೆಣೆಯುವುದು, ಕೊಡ ಹೊತ್ತು ನಡೆಯುವುದು ಮುಂತಾದವು ಕೇಳಬೇಕಾದ ಸಂಗತಿಗಳು. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕೈ ತಟ್ಟುತ್ತಿರುವಾಗಲೇ ಇನ್ನೊಂದು ಕೈ ತಿರುಗಿಸಬೇಕು, ಬಡಿತದ ಬಿರುಸು ಅಂಚಿನಲ್ಲಿ ಒಂದು ಬಗೆ, ನಡುವೆ ಇನ್ನೊಂದು ಬಗೆ ಇರಬೇಕು, ಹಿಟ್ಟು ಹರಿಯದಂತೆ ಎತ್ತಿ ಹಂಚಿಗೆ ಹಾಕಬೇಕು. ಎರಡು ಕೈಗಳ ಸಮನ್ವಯ, ಬಲದ ಹದ ಮತ್ತು ಲಯ ಇವು ಮೂರನ್ನೂ ಈ ಕೆಲಸ ಏಕಕಾಲಕ್ಕೆ ಬೇಡುತ್ತದೆ. ಹುಡುಗರ ತೊಂದರೆ ಆಟದ ಬಯಲಿನಲ್ಲಿ ಗೋಚರಿಸಿದರೆ ಹುಡುಗಿಯರ ತೊಂದರೆ ಒಲೆಯ ಮುಂದೆ ಗೋಚರಿಸಿ, ಸೋಮಾರಿತನವೆಂಬ ಹೆಸರಿನಲ್ಲಿ ಮನೆಯೊಳಗೇ ಉಳಿದುಬಿಡುವ ಸಂಭವವಿದೆ.

ಕನ್ನಡ ಬರವಣಿಗೆ

ಶಾಲೆಯಲ್ಲಿ ಅತಿ ಹೆಚ್ಚು ದೂರು ಬರುವುದು ಕೈಬರಹದ ಬಗ್ಗೆ. ಕನ್ನಡದ ಅಕ್ಷರಗಳು ಬಹುಮಟ್ಟಿಗೆ ದುಂಡಾದ ಸುತ್ತುಗಳಿಂದ ಕೂಡಿವೆ. ಒಂದೇ ಎಳೆಯಲ್ಲಿ ಬೆರಳು ಹಲವು ಬಾರಿ ದಿಕ್ಕು ಬದಲಿಸಬೇಕಾಗುತ್ತದೆ. ಇದರ ಮೇಲೆ ಗುಣಿತಾಕ್ಷರದ ಚಿಹ್ನೆಗಳು ಬೇರೆ ಬೇರೆ ಜಾಗದಲ್ಲಿ ಕೂರುತ್ತವೆ. ತಲೆಕಟ್ಟು ಮತ್ತು ಗುಡಿಸು ಮೇಲ್ಭಾಗದಲ್ಲಿ, ಕೊಂಬು ಬಲಬದಿಯಲ್ಲಿ, ಒತ್ತಕ್ಷರ ಕೆಳಗೆ. 'ಸ್ತ್ರೀ' ಎಂಬ ಒಂದಕ್ಷರವನ್ನು ಬರೆಯಲು ಮಗು ಸಾಲಿನ ಮೇಲೆ, ಸಾಲಿನ ಕೆಳಗೆ ಮತ್ತು ಬಲಕ್ಕೆ ಲೇಖನಿಯನ್ನು ಎತ್ತಿ ಇಡಬೇಕು. ಹಾಗಾಗಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದು, ದೀರ್ಘದ ಗುರುತು ಮುಂದಿನ ಅಕ್ಷರದೊಳಗೆ ಸೇರುವುದು, ಪದಗಳ ನಡುವಿನ ಅಂತರ ಕೆಡುವುದು, ಪೆನ್ಸಿಲ್ಲಿನ ಮೊನೆ ಒತ್ತಡಕ್ಕೆ ಮುರಿಯುವುದು ಸಾಮಾನ್ಯ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಡಿಸ್‌ಲೆಕ್ಸಿಯಾದ ಮಗು ಓದುವಾಗಲೂ ತಡವರಿಸುತ್ತದೆ ಮತ್ತು ಬರೆಯುವಾಗ ಕಾಗುಣಿತವೇ ತಪ್ಪುತ್ತದೆ. ಡಿಸ್‌ಪ್ರಾಕ್ಸಿಯಾ ಮಾತ್ರ ಇರುವ ಮಗು ಸರಾಗವಾಗಿ ಓದಬಲ್ಲದು, ಬಾಯಿಯಲ್ಲಿ ಕಾಗುಣಿತವನ್ನು ಸರಿಯಾಗಿ ಹೇಳಬಲ್ಲದು. ಕಾಗದದ ಮೇಲೆ ಮಾತ್ರ ಅದು ಗುರುತು ಸಿಗದಂತಾಗುತ್ತದೆ. ಬಾಯಿಪಾಠದ ಉತ್ತರಕ್ಕೂ ಉತ್ತರಪತ್ರಿಕೆಗೂ ಇರುವ ಈ ಅಂತರವೇ ಶಿಕ್ಷಕರಿಗೆ ಸಿಗುವ ಮೊದಲ ಸುಳಿವು. ಮೇಲಿನ ತರಗತಿಗಳಲ್ಲಿ ಕೈವಾರ ಮತ್ತು ಕೋನಮಾಪಕದ ಬಳಕೆ, ಭಾರತದ ನಕಾಶೆ, ವಿಜ್ಞಾನದ ಚಿತ್ರಗಳು, ಪಿಯುಸಿಯ ಪ್ರಯೋಗಾಲಯದಲ್ಲಿ ಅನುಮಾಪನ ಇವೆಲ್ಲ ಅಂಕ ಕಳೆಯುವ ಜಾಗಗಳಾಗುತ್ತವೆ.

ಕಾರಣಗಳು

ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮತ್ತು ಜನನದ ವೇಳೆ ಕಡಿಮೆ ತೂಕವಿದ್ದ ಮಕ್ಕಳಲ್ಲಿ ಅಪಾಯ ಹೆಚ್ಚು. ಕುಟುಂಬಗಳಲ್ಲಿ ಇದು ಮರುಕಳಿಸುವುದರಿಂದ ಅನುವಂಶೀಯತೆಯ ಪಾತ್ರವೂ ಇದೆ. ಕೈಯನ್ನು ಚಾಚುವ ಮೊದಲೇ ಮೆದುಳು ಆ ಚಲನೆಯ ಫಲಿತಾಂಶವನ್ನು ಊಹಿಸಿ, ನಡುದಾರಿಯಲ್ಲೇ ತಿದ್ದಿಕೊಳ್ಳುತ್ತದೆ. ಈ ಮುನ್ನೂಹೆಯ ವ್ಯವಸ್ಥೆ ದುರ್ಬಲವಾಗಿರುವುದೇ ಮೂಲ ತೊಂದರೆ ಎಂಬುದು ಸಂಶೋಧಕರಲ್ಲಿ ಹೆಚ್ಚು ಬೆಂಬಲ ಪಡೆದ ವಾದ. ಪೋಷಕರ ಮುದ್ದು, ಮೊಬೈಲ್ ಬಳಕೆ, ಎಡಗೈ ಬಳಸುವ ಅಭ್ಯಾಸ ಇವು ಡಿಸ್‌ಪ್ರಾಕ್ಸಿಯಾಕ್ಕೆ ಕಾರಣವಲ್ಲ. ಎಡಗೈಯಲ್ಲಿ ಬರೆಯುವ ಮಗುವನ್ನು ಒತ್ತಾಯದಿಂದ ಬಲಗೈಗೆ ತಿರುಗಿಸುವುದರಿಂದ ಲಾಭವೇನೂ ಇಲ್ಲ, ಕಷ್ಟವೊಂದು ಹೆಚ್ಚುತ್ತದೆ.

ಗುರುತಿಸುವ ಬಗೆ

ರಕ್ತಪರೀಕ್ಷೆಯಾಗಲಿ ಮೆದುಳಿನ ಸ್ಕ್ಯಾನ್ ಆಗಲಿ ಡಿಸ್‌ಪ್ರಾಕ್ಸಿಯಾವನ್ನು ತೋರಿಸುವುದಿಲ್ಲ. ಪ್ರಚಲಿತ ಮಾನದಂಡಗಳು ನಾಲ್ಕು ಸಂಗತಿಗಳನ್ನು ಕೇಳುತ್ತವೆ: ಅವಕಾಶ ಸಿಕ್ಕಿದ್ದರೂ ಚಲನ ಕೌಶಲಗಳು ವಯಸ್ಸಿಗಿಂತ ಗಮನಾರ್ಹವಾಗಿ ಹಿಂದಿರಬೇಕು, ಅದರಿಂದ ನಿತ್ಯಜೀವನಕ್ಕೆ ಅಥವಾ ಶಾಲಾ ಕಲಿಕೆಗೆ ಅಡ್ಡಿಯಾಗಿರಬೇಕು, ತೊಂದರೆ ಬಾಲ್ಯದಲ್ಲೇ ಆರಂಭವಾಗಿರಬೇಕು, ಬೌದ್ಧಿಕ ನ್ಯೂನತೆ, ದೃಷ್ಟಿದೋಷ, ಮಿದುಳಿನ ಪಾರ್ಶ್ವವಾಯು ಅಥವಾ ಸ್ನಾಯುರೋಗದಿಂದ ಅದನ್ನು ವಿವರಿಸಲು ಆಗಬಾರದು. ಐದು ವರ್ಷಕ್ಕೆ ಮೊದಲು ಮಕ್ಕಳ ಬೆಳವಣಿಗೆಯ ವೇಗ ಬಹಳ ಏರಿಳಿಯುವುದರಿಂದ ಆ ವಯಸ್ಸಿಗಿಂತ ಮುಂಚೆ ಸಾಮಾನ್ಯವಾಗಿ ಈ ಹೆಸರನ್ನು ಕೊಡುವುದಿಲ್ಲ.

ಅಳೆಯಲು 3ರಿಂದ 16 ವರ್ಷದವರಿಗಾಗಿ ರೂಪಿಸಿದ 'ಮೂವ್‌ಮೆಂಟ್ ಅಸೆಸ್‌ಮೆಂಟ್ ಬ್ಯಾಟರಿ'ಯನ್ನು ವ್ಯಾಪಕವಾಗಿ ಬಳಸುತ್ತಾರೆ. 2007ರ ಅದರ ಎರಡನೆಯ ಆವೃತ್ತಿಯು ಕೈಚಳಕ, ಗುರಿಯಿಡುವುದು ಮತ್ತು ಹಿಡಿಯುವುದು, ಸಮತೋಲನ ಎಂಬ ಮೂರು ಭಾಗಗಳನ್ನು ಹೊಂದಿದೆ. ಪೋಷಕರು ತುಂಬುವ ಹದಿನೈದು ಅಂಶಗಳ ಪ್ರಶ್ನಾವಳಿಯೊಂದು 5ರಿಂದ 15 ವರ್ಷದ ಮಕ್ಕಳಿಗಾಗಿ ಇದೆ. ಅಂಕಗಳು ಮಾತ್ರ ಸಾಲವು. ಮನೆ ಮತ್ತು ಶಾಲೆಯಲ್ಲಿ ಮಗು ಹೇಗೆ ನಿಭಾಯಿಸುತ್ತಿದೆ ಎಂಬ ವಿವರಣೆ ಅಷ್ಟೇ ಮುಖ್ಯ.

ಬೇರೆ ರೋಗಗಳನ್ನು ತಳ್ಳಿಹಾಕುವ ಹಂತವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡಿಸ್‌ಪ್ರಾಕ್ಸಿಯಾದ ಮಗು ನಿಧಾನವಾಗಿಯಾದರೂ ಕಲಿಯುತ್ತಲೇ ಹೋಗುತ್ತದೆ. ಕಲಿತದ್ದನ್ನು ಕಳೆದುಕೊಳ್ಳುತ್ತಿದ್ದರೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿಕೊಂಡು ಏಳುತ್ತಿದ್ದರೆ, ಮೀನಖಂಡಗಳು ಅಸಹಜವಾಗಿ ದಪ್ಪಗಿದ್ದರೆ, ದೇಹದ ಒಂದೇ ಬದಿ ದುರ್ಬಲವಾಗಿದ್ದರೆ ಅಥವಾ ನಡಿಗೆ ಇತ್ತೀಚೆಗೆ ಓಲಾಡತೊಡಗಿದ್ದರೆ ಅದು ಡಿಸ್‌ಪ್ರಾಕ್ಸಿಯಾ ಅಲ್ಲದಿರುವ ಸಾಧ್ಯತೆ ಹೆಚ್ಚು. ಡುಶೇನ್ ಸ್ನಾಯುಕ್ಷಯದಂಥ ರೋಗಗಳು ಹೀಗೆಯೇ ಆರಂಭವಾಗುತ್ತವೆ ಮತ್ತು ಅಂಥ ಮಗುವನ್ನು ತಡಮಾಡದೆ ಮಕ್ಕಳ ತಜ್ಞರಿಗೋ ನರರೋಗ ತಜ್ಞರಿಗೋ ತೋರಿಸಬೇಕು. ಸೋದರ ಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಕೆಲವು ಅನುವಂಶಿಕ ಸ್ನಾಯು ಹಾಗೂ ನರರೋಗಗಳ ಸಂಭವ ಹೆಚ್ಚಿರುವುದರಿಂದ ಉತ್ತರ ಕರ್ನಾಟಕದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಕಣ್ಣಿನ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಮೊದಲು ಅದನ್ನು ಮಾಡಿಸಬೇಕು.

ಕೂಡಿ ಬರುವ ಸ್ಥಿತಿಗಳು

ಡಿಸ್‌ಪ್ರಾಕ್ಸಿಯಾ ಒಂಟಿಯಾಗಿ ಬರುವುದು ಕಡಿಮೆ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ಸ್ಥಿತಿಯೂ ಇರುತ್ತದೆ. ಡಿಸ್‌ಲೆಕ್ಸಿಯಾ, ಭಾಷಾ ಬೆಳವಣಿಗೆಯ ತೊಂದರೆ ಮತ್ತು ಆಟಿಸಂ ಕೂಡ ಜೊತೆಯಾಗಬಹುದು. ಹದಿಹರೆಯದ ವೇಳೆಗೆ ಆತಂಕ, ಖಿನ್ನತೆ ಮತ್ತು ತನ್ನ ಬಗ್ಗೆ ಕೀಳರಿಮೆ ಸಾಮಾನ್ಯವಾಗುತ್ತವೆ. ಇವುಗಳಲ್ಲಿ ಬಹುಪಾಲು ನೇರವಾಗಿ ನರವ್ಯವಸ್ಥೆಯಿಂದ ಬಂದದ್ದಲ್ಲ, ವರ್ಷಗಟ್ಟಲೆ ಕೇಳಿಸಿಕೊಂಡ ಹೀಗಳಿಕೆಯಿಂದ ಮತ್ತು ಗೆಳೆಯರಿಂದ ದೂರವಾದುದರಿಂದ ಬಂದದ್ದು.

ತರಬೇತಿ

ಡಿಸ್‌ಪ್ರಾಕ್ಸಿಯಾವನ್ನು ಗುಣಪಡಿಸುವ ಔಷಧ ಇಲ್ಲ. ಜೊತೆಗೆ ಗಮನ ಕೊರತೆಯಿದ್ದರೆ ಅದಕ್ಕೆ ಕೊಡುವ ಔಷಧದಿಂದ ಬರವಣಿಗೆ ಸ್ವಲ್ಪ ಸುಧಾರಿಸುವುದುಂಟು. ಮೀನೆಣ್ಣೆಯಂಥ ಪೂರಕ ಆಹಾರಗಳನ್ನು ಇದಕ್ಕಾಗಿ ಮಾರಲಾಗುತ್ತದೆ. ಇಂಗ್ಲೆಂಡಿನಲ್ಲಿ 117 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಓದು ಮತ್ತು ಕಾಗುಣಿತದಲ್ಲಿ ಸುಧಾರಣೆ ಕಂಡರೂ ಚಲನ ಕೌಶಲದಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ.

ನೆರವಾಗುವುದು ತರಬೇತಿ. 2019ರ ಯುರೋಪಿನ ಮಾರ್ಗಸೂಚಿಯು ಮಗು ನಿಜವಾಗಿ ಮಾಡಲು ಬಯಸುವ ಕೆಲಸವನ್ನೇ ಕಲಿಸುವ ವಿಧಾನಗಳನ್ನು ಶಿಫಾರಸು ಮಾಡುತ್ತದೆ. ಸೈಕಲ್ ಕಲಿಯಬೇಕಾದವರಿಗೆ ಸೈಕಲ್ಲೇ ಪಾಠ. ದೊಡ್ಡ ಚೆಂಡಿನ ಮೇಲೆ ಉರುಳಾಡಿಸುವುದು, ಮೈಯನ್ನು ಬ್ರಷ್‌ನಿಂದ ಉಜ್ಜುವುದು ಮುಂತಾದ ಇಂದ್ರಿಯ ಆಧಾರಿತ ಚಿಕಿತ್ಸೆಗಳಿಂದ ಬರವಣಿಗೆಯೋ ಸೈಕಲ್ಲೋ ಸುಧಾರಿಸುತ್ತದೆಂಬುದಕ್ಕೆ ಆಧಾರ ದುರ್ಬಲ. ನಗರದ ಖಾಸಗಿ ಕೇಂದ್ರಗಳಲ್ಲಿ ಇಂಥ ಚಿಕಿತ್ಸೆಗೆ ತಿಂಗಳುಗಟ್ಟಲೆ ಹಣ ತೆರುವ ಮೊದಲು ಪೋಷಕರು ಇದನ್ನು ತಿಳಿದಿರುವುದು ಒಳ್ಳೆಯದು.

ಕೆನಡಾದ ಹೆಲೀನ್ ಪೊಲಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ರೂಪಿಸಿದ ವಿಧಾನವೊಂದು ಗುರಿ, ಯೋಜನೆ, ಕ್ರಿಯೆ, ಪರಿಶೀಲನೆ ಎಂಬ ನಾಲ್ಕು ಹೆಜ್ಜೆಗಳನ್ನು ಮಗುವಿಗೇ ಕಲಿಸುತ್ತದೆ. ಲಾಡಿ ಕಟ್ಟುವುದನ್ನೇ ತೆಗೆದುಕೊಂಡರೆ, ದೊಡ್ಡವರು ಕೈ ಹಿಡಿದು ಕಟ್ಟಿಸುವುದಿಲ್ಲ. ಎಲ್ಲಿ ತಪ್ಪುತ್ತಿದೆ ಎಂದು ಮಗುವನ್ನೇ ಕೇಳುತ್ತಾರೆ. ಕುಣಿಕೆ ಸಡಿಲವಾಗುತ್ತಿದೆ ಎಂದು ಮಗು ಕಂಡುಕೊಂಡರೆ, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಉಪಾಯವನ್ನು ತಾನೇ ಹೇಳಿ, ಮಾಡಿ, ನೋಡುತ್ತದೆ. ಕೈಗೆ ತಾನಾಗಿ ಬಾರದ್ದನ್ನು ಮಾತಿನ ಮೂಲಕ ತರುವುದು ಇದರ ತಿರುಳು. ದುಬಾರಿ ಉಪಕರಣ ಬೇಕಿಲ್ಲದ ಕಾರಣ ಹಳ್ಳಿಯ ಮನೆಗೂ ಇದು ಹೊಂದುತ್ತದೆ. ದಿನಕ್ಕೆ ಹತ್ತು ಹದಿನೈದು ನಿಮಿಷದ ಅಭ್ಯಾಸ, ವಾರಕ್ಕೊಮ್ಮೆ ಎರಡು ತಾಸು ಕೂರಿಸುವುದಕ್ಕಿಂತ ಮೇಲು.

ಶಾಲೆಯಲ್ಲಿ

ತರಗತಿಯಲ್ಲಿ ಮಾಡಬಹುದಾದ ಬದಲಾವಣೆಗಳು ಸಣ್ಣವು. ಪಾದ ನೆಲಕ್ಕೆ ಮುಟ್ಟುವಂತೆ ಮತ್ತು ಮೊಣಕೈ ಊರುವಂತೆ ಕೂರಿಸುವುದು. ನೆಲದ ಮೇಲೆ ಕುಳಿತು ಬರೆಯುವ ನಲಿ-ಕಲಿ ತರಗತಿಗಳಲ್ಲಿ ತಗ್ಗಿನ ಮಣೆಯನ್ನಾದರೂ ಕೊಡುವುದು. ದಪ್ಪ ಪೆನ್ಸಿಲ್, ಅಗಲ ಸಾಲಿನ ವಹಿ. ಗಣಿತಕ್ಕೆ ಚೌಕುಳಿಯ ಹಾಳೆ. ಹಲಗೆಯ ಮೇಲಿನದನ್ನೆಲ್ಲ ನಕಲು ಮಾಡಿಸುವ ಬದಲು ಮುದ್ರಿತ ಟಿಪ್ಪಣಿ. ಅಕ್ಷರದ ಅಂದಕ್ಕೂ ಉತ್ತರದ ಸತ್ವಕ್ಕೂ ಪ್ರತ್ಯೇಕ ಬೆಲೆ. ಕೆಟ್ಟ ಕೈಬರಹಕ್ಕೆ ಶಿಕ್ಷೆಯಾಗಿ ಅದನ್ನೇ ಹತ್ತು ಬಾರಿ ಬರೆಸುವುದು ನಮ್ಮ ಶಾಲೆಗಳ ಹಳೆಯ ಪದ್ಧತಿ. ಡಿಸ್‌ಪ್ರಾಕ್ಸಿಯಾದ ಮಗುವಿನಲ್ಲಿ ಹತ್ತನೆಯ ಪ್ರತಿ ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತದೆ, ಏಕೆಂದರೆ ಅಷ್ಟರಲ್ಲಿ ಕೈ ಸೋತಿರುತ್ತದೆ.

ಕಂಪ್ಯೂಟರಿನ ಕನ್ನಡ ಕೀಲಿಮಣೆ ಮತ್ತು ಮಾತನ್ನು ಬರಹಕ್ಕೆ ತಿರುಗಿಸುವ ಮೊಬೈಲ್ ಸೌಲಭ್ಯ ಹಿರಿಯ ವಿದ್ಯಾರ್ಥಿಗಳಿಗೆ ಉಪಯುಕ್ತವಾಗಿವೆ. ಕೀಲಿಮಣೆಯಲ್ಲಿ ಒತ್ತಕ್ಷರವನ್ನು ತಂತ್ರಾಂಶವೇ ಸರಿಯಾದ ಜಾಗದಲ್ಲಿ ಕೂರಿಸುವುದರಿಂದ ಲಿಪಿಯ ಅತ್ಯಂತ ಕಠಿಣ ಭಾಗ ಕೈಯಿಂದ ಕಳಚಿಕೊಳ್ಳುತ್ತದೆ.

ಕಾನೂನು

1995ರ ಹಳೆಯ ಕಾಯಿದೆಯಲ್ಲಿ ಕಲಿಕಾ ನ್ಯೂನತೆಗಳಿಗೆ ಸ್ಥಾನವಿರಲಿಲ್ಲ. ಅದರ ಬದಲಿಗೆ ಬಂದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಅದರ ಅನುಸೂಚಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ವಿವರಿಸುವಾಗ ಗ್ರಹಿಕೆಯ ನ್ಯೂನತೆ, ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ ಮತ್ತು ಬೆಳವಣಿಗೆಯ ಅಫೇಸಿಯಾಗಳೊಂದಿಗೆ ಡಿಸ್‌ಪ್ರಾಕ್ಸಿಯಾವನ್ನೂ ಹೆಸರಿಸಲಾಗಿದೆ. ಕಾಯಿದೆಯ 17ನೆಯ ಪ್ರಕರಣವು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಹೇಳುತ್ತದೆ. ಉನ್ನತ ಶಿಕ್ಷಣದಲ್ಲಿ ಶೇಕಡಾ 5 ಮತ್ತು ಸರ್ಕಾರಿ ಹುದ್ದೆಗಳಲ್ಲಿ ಒಟ್ಟು ಶೇಕಡಾ 4 ಮೀಸಲಾತಿ ಇದೆ. ಇವೆರಡೂ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯೆಂದು ಪ್ರಮಾಣೀಕೃತರಾದವರಿಗೆ ಮಾತ್ರ.

ತೊಡಕು ಇರುವುದು ಪ್ರಮಾಣೀಕರಣದಲ್ಲಿ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾ ಸರಣಿಯನ್ನು ಆಧಾರವಾಗಿ ತೆಗೆದುಕೊಂಡಿತು. ಎಂಟು, ಹದಿನಾಲ್ಕು ಮತ್ತು ಹದಿನೆಂಟು ವರ್ಷಗಳಲ್ಲಿ ಪರೀಕ್ಷಿಸಬೇಕೆಂದಿತು. 2024ರಲ್ಲಿ ಮಾರ್ಗಸೂಚಿಗಳು ಪರಿಷ್ಕೃತವಾದವು. ನಿಮ್ಹಾನ್ಸ್ ಸರಣಿ ಮುಖ್ಯವಾಗಿ ಓದು, ಕಾಗುಣಿತ, ಬರವಣಿಗೆ ಮತ್ತು ಲೆಕ್ಕವನ್ನು ಪರೀಕ್ಷಿಸುತ್ತದೆ. ಕಣ್ಣು-ಕೈ ಹೊಂದಾಣಿಕೆಯ ಭಾಗಗಳು ಅದರಲ್ಲಿದ್ದರೂ ಓಟ, ಸಮತೋಲನ, ಚೆಂಡು ಹಿಡಿಯುವುದು ಅದರ ವ್ಯಾಪ್ತಿಯಲ್ಲಿಲ್ಲ. ಹೀಗಾಗಿ ಕಾಯಿದೆ ಡಿಸ್‌ಪ್ರಾಕ್ಸಿಯಾವನ್ನು ಹೆಸರಿಸಿದರೂ, ಚೆನ್ನಾಗಿ ಓದುವ ಆದರೆ ಬರೆಯಲಾರದ ಮಗು ಅಳತೆಗೋಲಿಗೆ ಸಿಗದೆ ಜಾರುವ ಸಂಭವ ಉಳಿದಿದೆ. ಅರ್ಜಿಯೊಂದಿಗೆ ಚಲನ ಕೌಶಲದ ಪ್ರತ್ಯೇಕ ವರದಿಯನ್ನೂ, ಬರವಣಿಗೆಯ ಮಾದರಿಗಳನ್ನೂ, ಶಿಕ್ಷಕರ ಟಿಪ್ಪಣಿಯನ್ನೂ ಲಗತ್ತಿಸುವುದು ಇದಕ್ಕೇ.

ಈ ವಿಷಯದಲ್ಲಿ ಎರಡು ತೀರ್ಪುಗಳು ಮಹತ್ವದವು. ವಿಕಾಶ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಪ್ರಕರಣದಲ್ಲಿ ಅರ್ಜಿದಾರರಿಗೆ ಬರೆಯುವಾಗ ಕೈ ಸೆಟೆಯುವ ತೊಂದರೆ ಇತ್ತು. ಲಿಪಿಕಾರರ ನೆರವನ್ನು ಶೇಕಡಾ 40ರ ಮಿತಿ ದಾಟಿದವರಿಗಷ್ಟೇ ಸೀಮಿತಗೊಳಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ತೀರ್ಪಿತ್ತಿತು. ಅದರ ಬೆನ್ನಲ್ಲೇ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಶೇಕಡಾ 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟವಿರುವ ಅಭ್ಯರ್ಥಿಗಳಿಗಾಗಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ, ಅಂದರೆ 2021ರ ನವೆಂಬರಿನಲ್ಲಿ ಬಂದ ಅವ್ನಿ ಪ್ರಕಾಶ್ ಪ್ರಕರಣದ ತೀರ್ಪು ಡಿಸ್‌ಗ್ರಾಫಿಯಾವುಳ್ಳ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ನಿರಾಕರಿಸಿದ್ದು ತಪ್ಪೆಂದು ಹೇಳಿತು. ಎರಡೂ ತೀರ್ಪುಗಳಲ್ಲಿ ಡಿಸ್‌ಪ್ರಾಕ್ಸಿಯಾ ನೇರವಾಗಿ ವಿಚಾರಣೆಗೆ ಬಂದಿರಲಿಲ್ಲ. ಆದರೆ ಕೈಬರಹದ ತೊಂದರೆಗೆ ಅವು ಸಮಾನವಾಗಿ ಅನ್ವಯಿಸುತ್ತವೆ.

ಕರ್ನಾಟಕದಲ್ಲಿ ಸೇವೆಗಳು

ರಾಜ್ಯದಲ್ಲಿ ಮೌಲ್ಯಮಾಪನಕ್ಕೆ ಹೆಸರಾದ ಸಂಸ್ಥೆಗಳು ಬೆಂಗಳೂರಿನ ನಿಮ್ಹಾನ್ಸ್ ಮತ್ತು, ಮಾತಿನ ತೊಂದರೆಗಳ ಮಟ್ಟಿಗೆ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಉತ್ತರ ಕರ್ನಾಟಕಕ್ಕೆ ಹತ್ತಿರವಿರುವುದು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ. ಔದ್ಯೋಗಿಕ ಚಿಕಿತ್ಸಕರು ಬೆಂಗಳೂರು, ಮಣಿಪಾಲ, ಮಂಗಳೂರಿನಂಥ ಕಡೆ ಕೇಂದ್ರೀಕೃತರಾಗಿದ್ದಾರೆ. ತಾಲ್ಲೂಕು ಮಟ್ಟದಲ್ಲಿ ಫಿಸಿಯೋಥೆರಪಿಸ್ಟರೇ ಆ ಕೆಲಸವನ್ನೂ ನೋಡಿಕೊಳ್ಳುತ್ತಾರೆ.

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದ ಕುಟುಂಬವೊಂದಕ್ಕೆ ದಾರಿ ಹೀಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ಕೊಡಬೇಕು. ಅವರು ತಪಾಸಿಸುವ ಸ್ಥಿತಿಗಳ ಪಟ್ಟಿಯಲ್ಲಿ ಚಲನ ಬೆಳವಣಿಗೆಯ ವಿಳಂಬ ಮತ್ತು ಕಲಿಕಾ ನ್ಯೂನತೆ ಸೇರಿವೆ. ಅನುಮಾನವಿದ್ದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸುವುದು ಕಾರ್ಯಕ್ರಮದ ಕ್ರಮ. ಸಮಗ್ರ ಶಿಕ್ಷಣ ಅಭಿಯಾನದಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಶಾಲೆ ಮತ್ತು ಆಸ್ಪತ್ರೆಯ ನಡುವಿನ ಕೊಂಡಿ. ಅಂಗವಿಕಲತೆಯ ವಿಶಿಷ್ಟ ಗುರುತಿನ ಚೀಟಿಗೆ ಅಂತರ್ಜಾಲದಲ್ಲಿ ಅರ್ಜಿ ಹಾಕಿ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. ರೋಣದಿಂದ ಗದಗಿಗೆ ಸುಮಾರು 40 ಕಿಲೋಮೀಟರ್, ಧಾರವಾಡಕ್ಕೆ ನೂರರ ಆಸುಪಾಸು. ದಿನಗೂಲಿಯ ಕುಟುಂಬಕ್ಕೆ ಪ್ರತಿ ಪ್ರಯಾಣವೂ ಒಂದು ದಿನದ ದುಡಿಮೆಯ ನಷ್ಟವೆಂಬುದರಿಂದ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ರಿಯಾಯಿತಿಗೆ ಬೇಕಾದ ದಾಖಲೆಗಳನ್ನು ಒಂಬತ್ತನೆಯ ತರಗತಿಯಲ್ಲೇ ಹೊಂದಿಸತೊಡಗುವುದು ವಾಸಿ. ಹತ್ತನೆಯ ತರಗತಿಯ ಮಧ್ಯದಲ್ಲಿ ಆರಂಭಿಸಿದರೆ ಕಾಲ ಸಾಲದೆ ಹೋಗಬಹುದು.

ವಯಸ್ಕರಲ್ಲಿ

ಶೇಕಡಾ 50ರಿಂದ 70ರಷ್ಟು ಮಕ್ಕಳಲ್ಲಿ ತೊಂದರೆ ಹದಿಹರೆಯದವರೆಗೂ ಮುಂದುವರಿಯುತ್ತದೆ. ವಯಸ್ಕರಲ್ಲಿ ಅದು ರೂಪ ಬದಲಿಸುತ್ತದೆ. ಕಲಿತ ಕೆಲಸಗಳು ಹೇಗೋ ನಡೆಯುತ್ತವೆ. ಹೊಸ ಯಂತ್ರ, ಹೊಸ ಅಡುಗೆಮನೆ, ಹೊಸ ದಾರಿ ಮತ್ತೆ ಮೊದಲಿನಿಂದ ಆರಂಭಿಸುವಂತೆ ಮಾಡುತ್ತವೆ. ಸಮಯವನ್ನು ಅಂದಾಜು ಮಾಡುವುದು, ಹಲವು ಕೆಲಸಗಳನ್ನು ಸರದಿಯಲ್ಲಿಡುವುದು, ಸಾಮಾನುಗಳನ್ನು ಅಚ್ಚುಕಟ್ಟಾಗಿ ಇಡುವುದು ಕಷ್ಟವೆಂದು ಹಲವರು ಹೇಳುತ್ತಾರೆ. ಹ್ಯಾರಿ ಪಾಟರ್ ಚಿತ್ರಗಳ ನಟ ಡೇನಿಯಲ್ ರಾಡ್‌ಕ್ಲಿಫ್ ತಮಗೆ ಸೌಮ್ಯ ಪ್ರಮಾಣದ ಡಿಸ್‌ಪ್ರಾಕ್ಸಿಯಾ ಇರುವುದನ್ನು 2008ರಲ್ಲಿ ಬಹಿರಂಗಪಡಿಸಿದರು. ಭಾರತದಲ್ಲಿ 2007ರ 'ತಾರೇ ಜಮೀನ್ ಪರ್' ಚಿತ್ರದಿಂದ ಡಿಸ್‌ಲೆಕ್ಸಿಯಾದ ಹೆಸರು ಮನೆಮಾತಾಯಿತು. ಡಿಸ್‌ಪ್ರಾಕ್ಸಿಯಾಕ್ಕೆ ಅಂಥ ಪ್ರಚಾರ ಸಿಕ್ಕಿಲ್ಲ.

ಉದ್ಯೋಗದ ಆಯ್ಕೆಯಲ್ಲಿ ಬೋಧನೆ, ಲೆಕ್ಕಪತ್ರ, ತಂತ್ರಾಂಶ, ವ್ಯಾಪಾರ ಮುಂತಾದವು ಇವರಿಗೆ ಮುಚ್ಚಿದ ಬಾಗಿಲುಗಳಲ್ಲ. ಎರಡು ಕೈ, ಎರಡು ಕಾಲು ಒಟ್ಟಿಗೆ ಲಯ ಹಿಡಿಯಬೇಕಾದ ಕೆಲಸಗಳಿಗೆ ಮಾತ್ರ, ಉದಾಹರಣೆಗೆ ಗಜೇಂದ್ರಗಡದ ಕೈಮಗ್ಗದಂಥವುಗಳಿಗೆ, ಕಲಿಕೆಯ ಅವಧಿ ಹೆಚ್ಚು ಬೇಕಾಗುತ್ತದೆ. ಮನೆತನದ ಕಸುಬು ಅದೇ ಆಗಿದ್ದಾಗ ಇದು ಮನೆಯವರ ಅಸಮಾಧಾನಕ್ಕೆ ಎಡೆಮಾಡಬಹುದು. ವಾಹನ ಚಾಲನೆಯಲ್ಲಿ ಕ್ಲಚ್, ಗೇರ್ ಮತ್ತು ರಸ್ತೆಯನ್ನು ಏಕಕಾಲಕ್ಕೆ ನಿಭಾಯಿಸುವುದು ಕಷ್ಟ. ಗೇರ್ ಇಲ್ಲದ ಸ್ಕೂಟರ್ ಅಥವಾ ಸ್ವಯಂಚಾಲಿತ ಗೇರಿನ ಕಾರಿನಲ್ಲಿ, ವಾಹನಸಂಚಾರ ಕಡಿಮೆಯಿರುವ ರಸ್ತೆಯಲ್ಲಿ, ಬೇರೆಯವರಿಗಿಂತ ಹೆಚ್ಚು ಪಾಠಗಳನ್ನು ತೆಗೆದುಕೊಂಡು ಹಲವರು ಚಾಲನೆ ಕಲಿಯುತ್ತಾರೆ.